ಒಸಾಕಾದ ಅಜ್ಜಿ ಮಾಡಿದ ಕಟ್ಟು

ಮಗಳ ಬಾಣಂತನಕ್ಕಂತ ಜಪಾನಿನ ಒಸಾಕಾಕ್ಕ ಹೋಗಿ ಮೂರು ತಿಂಗಳಿದ್ದು ಬಂದೆ. ಅಲ್ಲಿ ಏನು ತಿಂತಿದ್ದಿ ಅಂತ ವೈನಿ ಸಿಕ್ಕಾಗೊಮ್ಮೆ ಕೇಳ್ತಾರ. ಇವತ್ತ ಎಲ್ಲಾ ಹೇಳಿಬಿಡ್ತೀನಿ, ಕೇಳ್ರಿ.

ಎರಡನೇ ದಿವಸನ ಪಕ್ಕದ ಮನಿ ಅಜ್ಜಿ ಮುಚ್ಚಳದ ಬಟ್ಟಲದಾಗ ಮಿಸೊ ಸಾರು ತಂದುಕೊಟ್ರು. ಅರಿಷಿಣ ಇಲ್ಲ, ಇಂಗು ಇಲ್ಲ, ವಗ್ಗರಣಿ ಇಲ್ಲ. ಇದೇನ ರುಚಿ ಇದ್ದೀತು ಅಂತ ಕುಡದ್ರ, ಹೋಳಿಗಿ ದಿವಸ ಬ್ಯಾಳಿ ಬಸಿದ ಕಟ್ಟು ಇರ್ತದಲ್ಲಾ, ಹಂಗ ನಾಲಿಗಿ ಮ್ಯಾಲ ನಿಂತುಬಿಡ್ತು. ನಾಲ್ಕು ದಿವಸ ಕುಡದೆ. ಐದನೇ ದಿವಸ ಕಲಿಯೋಣಂತ ಅವರ ಅಡಗಿಮನಿಗೆ ಹೋದ್ರ, ಬಡಿಗ್ಯಾ ಕಟಗಿ ಹೆರದಾಗ ಬೀಳೂ ಚಕ್ಕಿಯಂಥಾದ್ದು ಒಂದು ಹಿಡಿ ನೀರಿಗೆ ಹಾಕಿದ್ರು. ಪಾಕೀಟಿನ ಮ್ಯಾಲ ಮೀನಿನ ಚಿತ್ರ! ಕತ್ಸುವೊಬುಶಿ ಅಂತ, ಮೀನು ಬೇಯಿಸಿ, ಹೊಗಿಯೊಳಗ ಒಣಗಿಸಿ, ಕಲ್ಲಿನಂಗ ಗಟ್ಟಿ ಮಾಡಿ ಹೆರದದ್ದು. ಸೋಸಿಬಿಡ್ತಾರ, ಅದಕ್ಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ನಿನಗ ಗೊತ್ತಿತ್ತೇನ?" ಅಂತ ಮಗಳಿಗೆ ಕೇಳಿದೆ.

"ಗೊತ್ತಿತ್ತವ್ವಾ. ನೀ ಅಷ್ಟು ಖುಷಿಲೆ ಕುಡೀತಿದ್ದಿ, ಹೆಂಗ ಹೇಳ್ಲಿ?"

ಹಸೀ ಬಾಣಂತಿ ಜೋಡಿ ಎರಡು ದಿವಸ ಮಾತು ಬಿಟ್ಟೆ. ಅಜ್ಜಿ ತಂದ ಬಟ್ಟಲಾ ಬಾಗಲದಿಂದನ ವಾಪಸ್ ಕಳಿಸಿದೆ. ಮೀನಿನಕಿಂತ ಅದನ್ನ ನೆನಿಸಿಕೊಂಡ್ರ ಈಗ ಹೊಟ್ಟಿ ತೊಳಸ್ತದ.

ಮೂರನೇ ದಿವಸ ಅಜ್ಜಿ ಮತ್ತ ಬಂದ್ರು. ಕೈಯಾಗ ಗಾಜಿನ ಭರಣಿ. ನೀರಾಗ ಒಂದು ಕರೀ ಪಟ್ಟಿ, ನಾಲ್ಕು ಒಣಾ ಶಿಟಾಕೆ ಅಣಬಿ, ರಾತ್ರೆಲ್ಲಾ ನೆನದಿದ್ವು. ಅಲ್ಲಿ ಬೌದ್ಧ ಗುಡಿಯ ಸನ್ಯಾಸಿಗಳು ಮೀನಿಲ್ಲದ ಹಿಂಗನ ಮಾಡ್ತಾರಂತ. ನಮ್ಮ ಅತ್ತಿಯವರಿದ್ರ ಅಣಬೀನೂ ಬ್ಯಾಡಂತಿದ್ರು. ನಾ ಸುಮ್ಮನಾದೆ.

ಪಟ್ಟಿಗೆ ಕೊಂಬು ಅಂತಾರ. ಎಮ್ಮಿ ಕೊಂಬಲ್ಲ ಮತ್ತ, ಸಮುದ್ರದ ಪಾಚಿ. ಹೆಚ್ಚಾಗಿ ಹೊಕ್ಕೈಡೊದಿಂದ ಬರ್ತದ. ಹಿಂದಕ ಹಡಗಿನ್ಯಾಗ ಒಸಾಕಾಕ್ಕ ಬಂದು ಇಳೀತಿತ್ತಂತ. ಮ್ಯಾಲ ಬಿಳೇ ಪುಡಿ ಇತ್ತು, ಬೂಸಲಂತ ತೊಳೀಲಿಕ್ಕೆ ಹೋದೆ, ಅಜ್ಜಿ ಕೈ ಹಿಡಿದ್ರು. ಒದ್ದಿ ಅರಬಿಲೆ ಒರಸಬೇಕಷ್ಟ. ನೀರು ಕುದಿಯೂದ್ರೊಳಗ ಪಟ್ಟಿ ತಗೀಬೇಕು, ಇಲ್ಲಾಂದ್ರ ಲೋಳಿ ಬಿಡ್ತದ. 1908ರಾಗ ಇಕೆದಾ ಕಿಕುನಾಯೆ ಅನ್ನೂ ಪ್ರೊಫೆಸರು ಕೊಂಬುದಾಗಿನ ಗ್ಲುಟಮೇಟ್ ಹುಡುಕಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ರಂತ. ನಮ್ಮ ಕಡೆ ಗೋಬಿ ಮಂಚೂರಿಗೆ ಉದುರಸೂ ಅಜಿನೊಮೊಟೊ ಹುಟ್ಟಿದ್ದು ಅಲ್ಲಿಂದನ.

ಮಿಸೊ ಅಂದ್ರ ಸೋಯಾಕಾಳು, ಉಪ್ಪು, ಬೂಸಲು ಹಿಡಿಸಿದ ಅಕ್ಕಿ ಕೂಡಿಸಿ ತಿಂಗಳಗಟ್ಟಲೆ ಇಟ್ಟದ್ದು. ಒಲಿ ಆರಿಸಿ ಆಮ್ಯಾಲ ಕದಡಬೇಕು, ಕುದಿಸಿದ್ರ ಘಮ ಹೋಗ್ತದ. ಕೊಳ್ಳೂ ಮುಂದ ಪಾಕೀಟು ಓದಸ್ರಿ, ಕೆಲವದರಾಗ ಮೀನಿನ ರಸ ಮೊದಲ ಬೆರಸಿರ್ತಾರ. ಸಿಹಿ ಮಿರಿನ್ ಒಳಗ ಶೆರೆ ಇರ್ತದ, ಅದನ್ನ ನಾ ಮುಟ್ಟಲಿಲ್ಲ.

ಆವತ್ತ ಅಜ್ಜಿ ಮುಂದನ ಒಂದು ಬಟ್ಟಲಾ ಕುಡದೆ. ಇನ್ನೊಂದು ಮಗಳ ಕೈಗೆ ಕೊಟ್ಟು, "ಬಿಸಿ ಇದ್ದಾಗ ಕುಡಿ" ಅಂದೆ. ಎರಡು ದಿವಸದ ಮ್ಯಾಲ ಮೊದಲನೇ ಮಾತು ಅದ.

ಬರೂ ಮುಂದ ಅಜ್ಜಿ ಎರಡು ಪಾಕೀಟು ಕೊಂಬು ಕೊಟ್ರು, ನಾ ಸಾರಿನ ಪುಡಿ ಕೊಟ್ಟೆ. ಒಂದು ಪಾಕೀಟು ಮುಗದದ. ವೈನಿ, ಇನ್ನೊಂದು ನಿಮಗಂತ ತಗದಿಟ್ಟೀನಿ, ಬಂದು ಒಯ್ರಿ. ರಾತ್ರಿನ ನೆನಿಹಾಕೂದು ಮರೀಬ್ಯಾಡ್ರಿ.