ಅಳಲಿ ಬಿಡಿ

ಮೊದಲು ಕೈ ತೊಳೆಯಬೇಕು. ಮೊಣಕೈಯವರೆಗೆ, ಬೆರಳ ಸಂದುಗಳಲ್ಲಿ, ಉಗುರಿನ ಅಡಿಯಲ್ಲಿ. ಬಳೆಗಳನ್ನು ತೆಗೆದು ಹೊರಗೆ ಅತ್ತೆಯ ಕೈಗೆ ಕೊಟ್ಟು ಬಂದಿದ್ದೀರಿ. ಬರಿದಾದ ಮಣಿಕಟ್ಟಿನ ಮೇಲೆ ನೀರು ತಣ್ಣಗೆ ಹರಿಯುತ್ತದೆ. ಗೌನಿನ ದಾರ ಬೆನ್ನ ಹಿಂದೆ ಕೈಗೆ ಸಿಗುವುದಿಲ್ಲ. ಆಯಾ ಒಬ್ಬಾಕೆ ಬಂದು ಕಟ್ಟುತ್ತಾಳೆ, ಏನೂ ಹೇಳದೆ ಬೆನ್ನ ಮೇಲೊಮ್ಮೆ ಅಂಗೈ ಇಡುತ್ತಾಳೆ. ಬಾಗಿಲು ತೆರೆಯುತ್ತದೆ. ಒಳಗಿನ ಚಳಿ ಮೈಗೆ ತಾಗುವ ಮೊದಲೇ ಸ್ಪಿರಿಟ್ಟಿನ ವಾಸನೆ ಗಂಟಲಿಗೆ ಇಳಿದಿರುತ್ತದೆ.

ಬೆಂಗಳೂರಿನ ಹೃದಯದ ಆಸ್ಪತ್ರೆಯೊಂದರ ಮಕ್ಕಳ ಐಸಿಯು. ನಾಲ್ಕನೆಯ ಬೆಡ್ ನಿಮ್ಮದು.

ಹತ್ತಿರ ಹೋಗುತ್ತೀರಿ, ನಿಲ್ಲುತ್ತೀರಿ. ಇದು ನಿಮ್ಮ ಕೂಸಲ್ಲ. ಮುಖ ಊದಿದೆ, ರೆಪ್ಪೆಗಳು ಅಂಟಿಕೊಂಡಿವೆ. ಬಾಯೊಳಗೆ ಇಳಿದ ಕೊಳವೆಯನ್ನು ಕೆನ್ನೆಗೆ ಪ್ಲಾಸ್ಟರ್ ಹಚ್ಚಿ ಹಿಡಿದಿದ್ದಾರೆ. ಕತ್ತಿನಲ್ಲಿ ಸೂಜಿ, ಎದೆಯ ನಡುವೆ ಉದ್ದನೆಯ ಬಿಳಿ ಪಟ್ಟಿ, ಅದರ ಕೆಳಗಿನಿಂದ ಹೊರಟ ನಳಿಕೆಯಲ್ಲಿ ತಿಳಿಗೆಂಪು ನೀರು. ವೆಂಟಿಲೇಟರ್ ಉಸ್ಸೆಂದಾಗಲೆಲ್ಲ ಆ ಎದೆ ಏರುತ್ತದೆ. ಕಣ್ಣು ಕೆಳಗಿಳಿದು ಪಾದದ ಬಳಿ ನಿಲ್ಲುತ್ತದೆ. ಕಿರುಬೆರಳು ಸ್ವಲ್ಪ ಒಳಗೆ ಬಾಗಿದೆ. ಹೌದು, ಅವನೇ. ಆದರೆ ಉಗುರು? ಉಗುರು ಗುಲಾಬಿ ಬಣ್ಣಕ್ಕಿದೆ.

ಈ ಎಂಟು ತಿಂಗಳಲ್ಲಿ ಆ ಬಣ್ಣವನ್ನು ಅವನ ಮೈಮೇಲೆ ನೀವು ಕಂಡಿಲ್ಲ. ನೇರಳೆ ಹಣ್ಣು ತಿಂದ ಬಾಯಿಯಂತೆ ಅವನ ತುಟಿ, ಉಗುರು ಎಲ್ಲ. ಹಾವೇರಿ ಕಡೆಯ ನಿಮ್ಮ ಊರಿನ ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಬಂದಾಗ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ತೆಗೆದು, ಮತ್ತೆ ಇಟ್ಟಿದ್ದರು. ಎರಡನೆಯ ಸಲ ಇಟ್ಟಾಗಲೇ ನಿಮಗೆ ಅರ್ಥವಾಗಿತ್ತು. ಫ್ರಾನ್ಸಿನ ವೈದ್ಯ ಫಾಲೊ 1888ರಲ್ಲಿ ವಿವರಿಸಿ, ಅವನ ಹೆಸರಿನಲ್ಲೇ ಉಳಿದ ದೋಷ ಇದು. ಹೃದಯದ ಕೆಳಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು, ಇವುಗಳ ಜೊತೆಗೆ ಇನ್ನೆರಡು. ಮಗು ಜೋರಾಗಿ ಅತ್ತರೆ ಆ ಕಿರಿದಾರಿ ಇನ್ನೂ ಬಿಗಿಯುತ್ತದೆ. ಕೆಟ್ಟ ರಕ್ತ ಶ್ವಾಸಕೋಶಕ್ಕೆ ಹೋಗದೆ ತೂತಿನಿಂದ ಆಚೆ ನುಗ್ಗಿ ಮೈಗೆಲ್ಲ ಹರಡುತ್ತದೆ. ಮಗು ನೀಲಿಗಟ್ಟುತ್ತದೆ, ಜೋಲುತ್ತದೆ. ಆಗ ಎರಡೂ ಮಂಡಿ ಮಡಚಿ ಎದೆಗೆ ಒತ್ತಬೇಕು. ಕಾಲಿನ ನಾಳಗಳು ಅಮುಕಿಕೊಂಡರೆ ರಕ್ತ ಮತ್ತೆ ಶ್ವಾಸಕೋಶದ ಕಡೆ ತಿರುಗುತ್ತದೆ. ಅದನ್ನು ಕಲಿತಿದ್ದೀರಿ. ಬಸ್ಸಿನಲ್ಲಿ ಮಾಡಿದ್ದೀರಿ, ಒಲೆಯ ಮುಂದೆ ಮಾಡಿದ್ದೀರಿ, ಚುಚ್ಚುಮದ್ದಿನ ದಿನ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಮಾಡಿದ್ದೀರಿ. ಉಳಿದ ಹೊತ್ತೆಲ್ಲ ನಿಮ್ಮದು ಒಂದೇ ಕೆಲಸ, ಅವನು ಅಳದಂತೆ ನೋಡಿಕೊಳ್ಳುವುದು. ತುಟಿ ಸೊಟ್ಟಗಾಗುವ ಮೊದಲೇ ಮೊಲೆ, ಮೊಲೆ ಬೇಡವೆಂದರೆ ಹೆಗಲು, ಹೆಗಲಿಗೂ ಸುಮ್ಮನಾಗದಿದ್ದರೆ ಅಂಗಳ, ನಡುರಾತ್ರಿಯಾದರೂ ಸರಿ.

"ಸಿಸ್ಟರ್, ಮುಟ್ಟಲೇನ್ರಿ?"

"ಕಾಲು ಮುಟ್ಟಿ ಅಮ್ಮ. ಎತ್ಕೋಬಾರ್ದು ಅಷ್ಟೇ."

ಪಾದ ತಣ್ಣಗಿದೆ. ಅಂಗೈಯಲ್ಲಿ ಮುಚ್ಚಿಕೊಳ್ಳುತ್ತೀರಿ. ಆಗಲೇ ಅವನ ಹುಬ್ಬು ಗಂಟಿಕ್ಕುತ್ತದೆ. ಕೊಳವೆಯ ಸುತ್ತ ತುಟಿ ಅಗಲವಾಗುತ್ತದೆ, ಗದ್ದ ನಡುಗುತ್ತದೆ, ಕಣ್ಣಂಚಿನಲ್ಲಿ ನೀರು. ಅಳುತ್ತಿದ್ದಾನೆ. ದನಿಯೇ ಇಲ್ಲ. ಗಂಟಲಿನ ತಂತಿಗಳ ನಡುವೆ ಹಾಯ್ದ ಕೊಳವೆ ಅಳುವಿನ ಸದ್ದನ್ನು ನುಂಗಿಬಿಟ್ಟಿದೆ. ಆ ಮೂಕ ಅಳುವಿಗೂ ನಿಮ್ಮ ಎದೆ ಓಗೊಡುತ್ತದೆ. ಹಾಲು ಚಿಮ್ಮಿ ರವಿಕೆ ಒದ್ದೆಯಾಗುತ್ತದೆ. ನಿಮಗೆ ತಿಳಿಯುವ ಮೊದಲೇ ಎರಡೂ ಕೈ ಅವನ ಮಂಡಿಯನ್ನು ಹಿಡಿದಿವೆ.

"ಬೇಡ, ಬೇಡ." ಸಿಸ್ಟರ್ ನಿಮ್ಮ ಮಣಿಕಟ್ಟು ಹಿಡಿಯುತ್ತಾರೆ. "ಎದೆ ಮೂಳೆ ಕೂಡ್ಕೋಬೇಕು ಅಮ್ಮ."

ಕೈ ತೆಗೆಯುತ್ತೀರಿ. ಎಂಟು ತಿಂಗಳು ಅವನ ಜೀವ ಹಿಡಿದಿದ್ದ ಕೈಗಳಿಗೆ ಈಗ ಕೆಲಸವಿಲ್ಲ.

ನಿನ್ನೆ ಬೆಂಚಿನ ಮೇಲೆ ಕುಳಿತು ಕಳೆದ ಆರು ಗಂಟೆಗಳಲ್ಲೂ ಇದೇ ಕಾಡಿತ್ತು. ಒಳಗೆ ಅವನ ಹೃದಯ ನಿಲ್ಲಿಸಿದ್ದರು, ಯಂತ್ರವೊಂದು ಅವನ ರಕ್ತವನ್ನು ಮೈಗೆಲ್ಲ ಓಡಿಸುತ್ತಿತ್ತು. 1954ರಲ್ಲಿ, ಅಂಥ ಯಂತ್ರ ಇನ್ನೂ ಕೈಗೆ ಹತ್ತದ ದಿನಗಳಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಲಿಲ್ಲೆಹೈ ಎಂಬ ಶಸ್ತ್ರವೈದ್ಯ ಇನ್ನೊಂದು ದಾರಿ ಹುಡುಕಿದ್ದ. ಮಗುವಿನ ಪಕ್ಕದ ಮೇಜಿನ ಮೇಲೆ ದೊಡ್ಡವರೊಬ್ಬರನ್ನು, ಬಹಳ ಸಲ ತಂದೆಯನ್ನೋ ತಾಯಿಯನ್ನೋ ಮಲಗಿಸಿ, ನಳಿಕೆ ಜೋಡಿಸಿ, ಅವರ ಮೈಯಿಂದಲೇ ಮಗುವಿಗೆ ರಕ್ತ ಹರಿಸುತ್ತಿದ್ದ. ಒಂದೇ ಸಲಕ್ಕೆ ಎರಡು ಜೀವ ಪಣಕ್ಕಿಟ್ಟ ಉಪಾಯ. ಅದು ಹಿಂದೆ ಬಿದ್ದದ್ದೇ ಒಳ್ಳೆಯದಾಯಿತು. ಆದರೂ ಆ ಮೇಜನ್ನು ನೆನೆದಾಗ ನನಗೆ ಅನ್ನಿಸುವುದುಂಟು, ಅಲ್ಲಿ ಮಲಗಿದ ತಾಯಿಗೆ ಮಾಡಲೊಂದು ಕೆಲಸವಾದರೂ ಇತ್ತು. ನೀವು ಮಾಡಿದ್ದು ಒಂದು ಸಹಿ. ಪೆನ್ನು ಹಿಡಿದು ಕ್ಷಣ ತಡೆದಿರಿ, ಗಂಡನ ಮುಖ ನೋಡಿದಿರಿ. ಅವರು ನೆಲ ನೋಡುತ್ತಿದ್ದರು. ಹೆಸರು ಬರೆದಿರಿ, ಕೊನೆಯ ಅಕ್ಷರದ ಒತ್ತು ಬಿಟ್ಟುಹೋಯಿತು.

ಎರಡನೆಯ ರಾತ್ರಿ, ಎಂಟು ಗಂಟೆ. ನಿಮ್ಮ ಐದು ನಿಮಿಷ. ಪರದೆಯ ಮೇಲಿನ ಹಸಿರು ಅಂಕಿಯನ್ನು ಓದಲು ಕಲಿತುಬಿಟ್ಟಿದ್ದೀರಿ. 148. ಪಾದ ಸವರುತ್ತೀರಿ. ಮೊದಲ ಸಲಕ್ಕಿಂತ ಬೆಚ್ಚಗಿದೆ, ಒಳ್ಳೆಯದೇ ಅಂದುಕೊಳ್ಳುತ್ತೀರಿ. 167. ಸಿಸ್ಟರ್ ತಲೆಯೆತ್ತುತ್ತಾರೆ. 184. ಹಣೆ ಮುಟ್ಟುತ್ತಾರೆ, ಥರ್ಮಾಮೀಟರ್ ನೋಡುತ್ತಾರೆ. 203. ಅಲಾರಂ. ಕೆಂಪು ದೀಪ. ಚಪ್ಪಲಿಗಳ ಸದ್ದು. ಯಾರೋ ನಿಮ್ಮನ್ನು ಪಕ್ಕಕ್ಕೆ ಸರಿಸುತ್ತಾರೆ. "ಅಮ್ಮ, ಹೊರಗೆ." ಹೊದಿಕೆ ಎಳೆದು ತೆಗೆಯುತ್ತಾರೆ. "ಐಸ್ ಪ್ಯಾಕ್." ಚಳಿಯಾಗುತ್ತದೆ, ಅವನಿಗೆ ಚಳಿಯಾಗುತ್ತದೆ ಎಂದು ಕೂಗಬೇಕೆನ್ನಿಸುತ್ತದೆ. ಬಾಯಿ ಒಣಗಿದೆ. "ಅಮ್ಮ, ಹೊರಗೆ ಹೋಗಿ!" ಕಾಲು ಏಳುವುದಿಲ್ಲ. ನಿಂತರೆ ಅವರ ಕೈಗೆ ಅಡ್ಡಿ, ಹೋದರೆ ಅವನು ಒಬ್ಬನೇ. ಹೋಗುತ್ತೀರಿ. ಬೆನ್ನು ಹಾಕಿದರೆ ಏನೋ ಆಗಿಬಿಡುತ್ತದೆ ಎಂಬಂತೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋಗುತ್ತೀರಿ.

ಗೋಡೆಗೆ ಒರಗಿ ನೆಲಕ್ಕೆ ಕುಸಿಯುತ್ತೀರಿ. ಅತ್ತೆ ಏನೂ ಕೇಳುವುದಿಲ್ಲ, ಸೆರಗಿನ ತುದಿಯ ಬಂಡಾರದ ಗಂಟನ್ನು ಬಿಗಿಯಾಗಿ ಹಿಡಿದಿದ್ದಾರೆ. ಎಷ್ಟೋ ಹೊತ್ತಿನ ಮೇಲೆ ಬಂದ ಚಿಕ್ಕ ವಯಸ್ಸಿನ ಡಾಕ್ಟರು ನಿಮ್ಮೆದುರು ಮಂಡಿಯೂರಿ ಕುಳಿತು ಹೇಳುತ್ತಾರೆ. ತೂತಿಗೆ ತೇಪೆ ಹೊಲಿದಿರುವುದು ಬಡಿತದ ಸಂದೇಶ ಹಾಯುವ ಜಾಗದ ಪಕ್ಕದಲ್ಲೇ. ಈ ಆಪರೇಷನ್ ಆದ ಕೆಲವು ಮಕ್ಕಳಲ್ಲಿ ಅಲ್ಲಿನ ಗಂಟು ಕೆರಳಿ ತನ್ನದೇ ತಾಳ ಹಿಡಿದು ಓಡುತ್ತದೆ, ಜ್ವರ ಬಂದರೆ ಇನ್ನೂ ಜೋರಾಗುತ್ತದೆ. ಅದಕ್ಕೇ ಮೈ ತಣ್ಣಗೆ ಮಾಡುವುದು, ಔಷಧಿ ಕೊಡುವುದು. ಎದೆಯಿಂದ ಹೊರಬಂದ ಸಣ್ಣ ವೈರುಗಳನ್ನು ಡಬ್ಬಿಗೆ ಜೋಡಿಸಿ ಹೃದಯಕ್ಕೆ ಹೊರಗಿನಿಂದ ತಾಳ ಹಾಕುತ್ತಿದ್ದೇವೆ. ಬಿಪಿ ಹಿಡಿದಿದೆ. ಬೆಳಗಿನವರೆಗೆ ನೋಡೋಣ.

ಬೆಳಗಿನವರೆಗೆ ನೀವು ಹಾಲು ಹಿಂಡುತ್ತೀರಿ. ಎದೆ ಕಲ್ಲಾಗಿದೆ, ಬೆರಳು ತಗಲಿದರೆ ಉರಿ. ಸ್ಟೀಲಿನ ಬಟ್ಟಲಿಗೆ ಹನಿ ಬೀಳುವ ಸದ್ದು ಕೇಳಿಸುತ್ತದೆ. ಅವನು ಕುಡಿಯುತ್ತಾನೋ ಇಲ್ಲವೋ, ಹಾಲು ಬತ್ತಬಾರದು. ಇಷ್ಟು ಮಾತ್ರ ನಿಮ್ಮ ಕೈಯಲ್ಲಿದೆ.

ಆರು ಗಂಟೆಗೆ ಬಾಗಿಲ ಗಾಜಿನಾಚೆ ರಾತ್ರಿಯ ಸಿಸ್ಟರ್ ಒಂದು ಬೆರಳು, ನಾಲ್ಕು ಬೆರಳು, ಐದು ಬೆರಳು ತೋರಿಸುತ್ತಾರೆ. 145. ಹೊರಳಿ ಗೋಡೆಗೆ ಹಣೆ ಹಚ್ಚಿ ಅಳುತ್ತೀರಿ.

ಆಮೇಲಿನ ದಿನಗಳು ಒಂದರೊಳಗೊಂದು ಸೇರಿಹೋಗುತ್ತವೆ. ಕೊಳವೆ ತೆಗೆಯುತ್ತಾರೆ, ಬೆಕ್ಕಿನ ಮರಿಯಂತೆ ಒಡೆದ ದನಿ ಹೊರಡುತ್ತದೆ. ಮೂಗಿನ ನಳಿಕೆಯಲ್ಲಿ ನಿಮ್ಮ ಹಾಲು, ಮೊದಲು ಹತ್ತು ಎಂಎಲ್.

ಆರನೆಯ ದಿನ ವಾರ್ಡು. ಕಿಟಕಿಯಿದೆ, ಬಿಸಿಲಿದೆ, ಯಾರದೋ ಡಬ್ಬಿಯಿಂದ ಒಗ್ಗರಣೆಯ ವಾಸನೆ. ಎತ್ತುವುದನ್ನು ಹೊಸದಾಗಿ ಕಲಿಸುತ್ತಾರೆ. ಕಂಕುಳಿಗೆ ಕೈ ಹಾಕುವಂತಿಲ್ಲ, ಸುಮಾರು ಆರು ವಾರ. ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ, ಮೊರದಲ್ಲಿ ಎತ್ತಿದಂತೆ. ಎತ್ತುತ್ತೀರಿ. ತೋಳು ನಡುಗುತ್ತದೆ. ಅವನು ಹಗುರಾಗಿದ್ದಾನೆ. ಕತ್ತಿನಲ್ಲಿ ಹಾಲಿನ ವಾಸನೆಯಿಲ್ಲ, ಬರೀ ಪ್ಲಾಸ್ಟರಿನ ಅಂಟು.

ಸಿಸ್ಟರ್ ಪಟ್ಟಿ ಬಿಚ್ಚಲು ಬರುತ್ತಾರೆ. ಬಿಳಿ ಕೋಟು ಕಂಡದ್ದೇ ಅವನ ಮುಖ ಬದಲಾಗುತ್ತದೆ. ತುಟಿ ಸೊಟ್ಟಗಾಗುತ್ತದೆ. ನಿಮ್ಮ ಹೊಟ್ಟೆಯೊಳಗೆ ಏನೋ ಜಾರುತ್ತದೆ.

"ಅಳಬ್ಯಾಡೋ ನನ್ನಪ್ಪಾ, ಬ್ಯಾಡೋ..."

"ಅಳಲಿ ಬಿಡಿ ಅಮ್ಮ. ಅತ್ತಷ್ಟೂ ಶ್ವಾಸಕೋಶ ಅರಳುತ್ತೆ."

ಅವನು ಉಸಿರೆಳೆದು ಚೀರುತ್ತಾನೆ. ಇಡೀ ವಾರ್ಡು ತಿರುಗಿ ನೋಡುವಷ್ಟು. ನಿಮ್ಮ ಕೈ ಆಗಲೇ ಮಂಡಿಗಳನ್ನು ಹಿಡಿದಿದೆ, ಕಣ್ಣು ತುಟಿಯ ಮೇಲಿದೆ. ಒಂದು ಉಸಿರು. ಎರಡು. ಮುಖ ಕೆಂಪಾಗುತ್ತದೆ, ಕಿವಿ ಕೆಂಪಾಗುತ್ತದೆ. ತುಟಿ ಕೆಂಪು. ಮೂರನೆಯ ಚೀರಾಟಕ್ಕೂ ಕೆಂಪು.

ಬೆರಳು ಸಡಿಲಿಸುತ್ತೀರಿ. ಬಿಟ್ಟ ಕಾಲನ್ನು ಅವನು ಝಾಡಿಸಿ ಒದೆಯುತ್ತಾನೆ. ನಿಮ್ಮ ಹೊಟ್ಟೆಗೆ, ಬಲವಾಗಿ, ಮತ್ತೊಮ್ಮೆ.