ಧಾತ್ರೀ

ವಾಚಕರೇ, ಕೂಸನ್ನು ಸಲಹುವವಳಿಗೆ ನಮ್ಮ ವಿಜಯಪುರದಲ್ಲಿ ಎಷ್ಟು ಹೆಸರುಗಳಿರುವವೆಂಬುದನ್ನು ಗಮನಿಸಿರುವಿರಾ? ಕೆಲವರ ಬಾಯಲ್ಲಿ ಆಯಾ, ಕೆಲವರ ಬಾಯಲ್ಲಿ ದಾಯಿ. ಗ್ರಂಥಸ್ಥ ಕನ್ನಡದಲ್ಲಿ ದಾದಿ. ಈ ಕಡೆಯ ಶಬ್ದಕ್ಕೆ ಉರ್ದು ಮನೆಯ ಹುಡುಗರು ತಂದೆಯ ತಾಯಿಯೆಂದು ಅರ್ಥಮಾಡುವರಾದುದರಿಂದ ನನ್ನ ತರಗತಿಯಲ್ಲಿ ಒಮ್ಮೆ ನಗೆಯೇ ಎದ್ದಿತ್ತು.

ಇವುಗಳಲ್ಲಿ ಆಯಾ ಎಂಬುದು ಪೋರ್ತುಗೀಜರ ಮಾತು. 1510ರಲ್ಲಿ ಅವರು ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡರು. ಅವರ ಮನೆಯ ಈ ಮಾತು ಹಿಂದುಸ್ತಾನಿಗೂ ಇಂಗ್ಲಿಷಿಗೂ ಹಬ್ಬಿತು. ಫಾರಸಿಯ ದಾಯಾ ಶಬ್ದವಾದರೋ ನಮ್ಮ ಸಂಸ್ಕೃತದ ಧಾತ್ರೀ ಶಬ್ದಕ್ಕೆ ಒಡಹುಟ್ಟು. ಎರಡರ ಮೂಲದಲ್ಲಿಯೂ ಹಾಲು ಹೀರುವುದೆಂಬ ಅರ್ಥವೇ ಇರುವುದು. ಧಾತ್ರಿಯ ತದ್ಭವವೇ ದಾದಿ. ಕೋಶಗಳು ಈ ಶಬ್ದಕ್ಕೆ ಭೂಮಿ, ನೆಲ್ಲಿ ಎಂಬ ಅರ್ಥಗಳನ್ನೂ ಹೇಳುವವು.

ಪಾಠಶಾಲೆಯಲ್ಲಿ ನಮಗೆ ಕಲಿಸಿದ ಒಂದು ಸೂಕ್ಷ್ಮವುಂಟು. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಈ ಶಬ್ದವನ್ನು ಕರ್ತ್ರರ್ಥದಲ್ಲಿ ಸಾಧಿಸಲಿಲ್ಲ, ಕರ್ಮಾರ್ಥದಲ್ಲಿ ಸಾಧಿಸಿದನು. ಎಂದರೆ ಧಾತ್ರಿಯು ಹಾಲನ್ನು ಕುಡಿಸುವವಳಲ್ಲ, ಹೀರಲ್ಪಡುವವಳು. ಹೀರುವ ಕರ್ತೃವು ಕೂಸು. ಹೀಗೆ ಆಕೆಯ ಹೆಸರಿನಲ್ಲಿಯೇ ಕೂಸಿನ ಋಣವು ಅಡಗಿರುವುದು. ಇದನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಸೊಗಸಾಗಿ ವಿವರಿಸಿದೆನು.

ಆದರೆ ನನ್ನ ಮಾತೇ ಬೇರೆ. ನಾನು ತಿಕೋಟಾದಲ್ಲಿ ಹುಟ್ಟಿದಾಗ ತಾಯಿಯವರು ಬಾಣಂತಿಜ್ವರದಲ್ಲಿ ಮಲಗಿ ಎದೆಹಾಲು ಬತ್ತಿತು. ತನ್ನ ಕೂಸನ್ನು ಕಳೆದುಕೊಂಡು ವಾರವೂ ತುಂಬದ ಕೂಲಿಯ ಹೆಣ್ಣುಮಗಳೊಬ್ಬಳು ಆರು ತಿಂಗಳು ನನಗೆ ಹಾಲೂಡಿದಳು. ನಮ್ಮದು ಮಡಿವಂತರ ಮನೆ. ಆಕೆಗೆ ಹಿತ್ತಲ ಬಾಗಿಲಿನಿಂದ ಈಚೆಗೆ ಬರಲು ಅಪ್ಪಣೆಯಿರಲಿಲ್ಲ. ದೊಡ್ಡವನಾದ ಮೇಲೆ ಎದುರಿಗೆ ಸಿಕ್ಕಾಗಲೆಲ್ಲ “ತಮ್ಮಾ, ಉಂಡೀ ಏನು?” ಎಂದು ಕೇಳುವಳು. ನಾನು ತಲೆಯಾಡಿಸುವೆನು. ಆಕೆಯನ್ನು ಏನೆಂದೂ ಕರೆದವನಲ್ಲ.

ನಾನು ಬಬಲೇಶ್ವರದಲ್ಲಿ ಮಾಸ್ತರನಾಗಿದ್ದಾಗ, ಆಕೆಯು ವಿಜಯಪುರದ ದವಾಖಾನೆಯೊಂದರಲ್ಲಿರುವಳೆಂದು ತಿಳಿದು ಹೋದೆನು. ಕಾಗದ ಬರೆದುಕೊಳ್ಳುತ್ತಿದ್ದವನು, “ಇವರು ನಿಮಗೇನಾಗಬೇಕ್ರೀ ಮಾಸ್ತರ?” ಎಂದು ಕೇಳಿದನು. ಧಾತ್ರೀ, ದಾದಿ, ದಾಯಿ, ಎಲ್ಲವೂ ನಾಲಗೆಯ ತುದಿಯವರೆಗೆ ಬಂದವು. “ನಮ್ಮ ಊರಾಕಿ” ಎಂದುಬಿಟ್ಟೆನು. ಆಕೆ ಎಚ್ಚರವಾಗಿಯೇ ಇದ್ದಳು. “ಹೌದ್ರೀ, ಊರಾಕೀನ” ಎಂದಳು. ಮೂರನೆಯ ದಿನ ತೀರಿಕೊಂಡಳು.

ಈಗ ಮೊಮ್ಮಗಳನ್ನು ನೋಡಿಕೊಳ್ಳಲು ನಮ್ಮಲ್ಲಿಗೆ ಒಬ್ಬರು ಬರುತ್ತಾರೆ. ಕೂಸು ಅವರನ್ನು ಏನೆಂದು ಕರೆಯಬೇಕೆಂದು ಸೊಸೆಯು ಕೇಳಿದಾಗ ನಾನು ಕೋಶವನ್ನು ತೆಗೆಯಲಿಲ್ಲ. “ದೊಡ್ಡವ್ವ ಅನ್ನಲಿ” ಎಂದೆನು. ಅವರು ಮುಂಬಾಗಿಲಿನಿಂದಲೇ ಬರುತ್ತಾರೆ.