ಥರ್ಸ್‌ಡೇ ಯಾರ ವಾರ?

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಬೆಳಗ್ಗೆ ಲೆಡ್ಜರ್ ತೆರೆದ ಕೂಡಲೇ ಮೊದಲ ಕೆಲಸ ತಾರೀಖು, ವಾರ ಬರೆಯುವುದು. ಎಷ್ಟು ಸಲ ‘ಥರ್ಸ್‌ಡೇ’ ಎಂದು ಬರೆದಿದ್ದೇನೋ! ಅದು ಯಾರ ಹೆಸರು ಎಂದು ಒಮ್ಮೆಯೂ ಯೋಚಿಸಿದವನಲ್ಲ. ಆ ಪ್ರಶ್ನೆ ಎತ್ತಿದವಳು ಐದನೇ ತರಗತಿಯ ಮೊಮ್ಮಗಳು.

“ತಾತ, ಗುರುವಾರಕ್ಕೆ ಗುರು ಇದ್ದಾನೆ. ಥರ್ಸ್‌ಡೇಗೆ ಯಾರಿದ್ದಾರೆ?”

ಗ್ರಂಥಾಲಯಕ್ಕೆ ಹೋಗಿ ಓದಿಕೊಂಡು ಬಂದೆ. ನಮ್ಮ ವಾರದಂತೆಯೇ ರೋಮನ್ನರ ವಾರವೂ ಏಳು ಗ್ರಹಗಳ ಲೆಕ್ಕದ್ದು. ನಮ್ಮ ಮಂಗಳ ಅವರ ಮಾರ್ಸ್, ಬುಧ ಮರ್ಕ್ಯುರಿ, ಗುರು ಜ್ಯುಪಿಟರ್, ಶುಕ್ರ ವೀನಸ್. ಉತ್ತರ ಯೂರೋಪಿನ ಜರ್ಮಾನಿಕ್ ಜನ ಈ ವಾರವನ್ನು ಒಪ್ಪಿಕೊಂಡರು, ಆದರೆ ಆ ಜಾಗಗಳಲ್ಲಿ ತಮ್ಮ ದೇವರುಗಳನ್ನು ಕೂರಿಸಿದರು. ಮಂಗಳವಾರ ಟೀರ್, ಬುಧವಾರ ಓಡಿನ್, ಗುರುವಾರ ಸುತ್ತಿಗೆ ಹಿಡಿದ ಗುಡುಗಿನ ದೇವರು ಥಾರ್, ಶುಕ್ರವಾರ ಓಡಿನ್ನನ ಹೆಂಡತಿ ಫ್ರಿಗ್.

ಮೊಮ್ಮಗಳಿಗೆ ಹಿಡಿಸಿದ್ದು ಟೀರ್‌ನ ಕಥೆ. ಫೆನ್ರಿರ್ ಎಂಬ ತೋಳ ಬೆಳೆದು ಬೆಳೆದು ದೇವತೆಗಳಿಗೇ ಭಯ ಹುಟ್ಟಿಸಿತು. ಕಬ್ಬಿಣದ ಸರಪಳಿಗಳನ್ನು ಎರಡು ಸಲ ಹರಿದು ಹಾಕಿತು. ಆಗ ಕುಬ್ಜರು ಬೆಕ್ಕಿನ ಹೆಜ್ಜೆಯ ಸದ್ದು, ಮೀನಿನ ಉಸಿರು, ಹಕ್ಕಿಯ ಉಗುಳು ಮುಂತಾದವನ್ನು ಸೇರಿಸಿ ರೇಷ್ಮೆಯಂಥ ಪಟ್ಟಿಯೊಂದನ್ನು ಮಾಡಿಕೊಟ್ಟರು. ತೋಳಕ್ಕೆ ಅನುಮಾನ. “ಯಾರಾದರೂ ನನ್ನ ಬಾಯಲ್ಲಿ ಕೈ ಇಡಿ, ಆಮೇಲೆ ಕಟ್ಟಿ” ಎಂದಿತು. ದೇವತೆಗಳು ಮುಖ ಮುಖ ನೋಡಿಕೊಂಡರು. ಟೀರ್ ಒಬ್ಬನೇ ಬಲಗೈ ಒತ್ತೆ ಇಟ್ಟ. ತೋಳ ಬಂಧನಕ್ಕೆ ಸಿಕ್ಕಿತು, ಟೀರ್‌ನ ಕೈ ಹೋಯಿತು.

“ಮೋಸ ಮಾಡಿದ್ದು ಎಲ್ಲರೂ, ಕೈ ಹೋಗಿದ್ದು ಒಬ್ಬನದೇ” ಎಂದು ಮೊಮ್ಮಗಳು ಮರುಗಿದಳು.

ಈ ಕಥೆ ಉಳಿದದ್ದೇ ಇನ್ನೊಂದು ಕಥೆ. ಐಸ್‌ಲ್ಯಾಂಡ್ ಜನ ಸುಮಾರು ಕ್ರಿ.ಶ. 1000ರಲ್ಲಿ ಕ್ರೈಸ್ತ ಮತಕ್ಕೆ ಸೇರಿದರು. ಇನ್ನೂರು ವರ್ಷಗಳ ಮೇಲೆ ಸ್ನೋರಿ ಸ್ಟುರ್ಲುಸನ್ ಎಂಬ ವಿದ್ವಾಂಸ, ತಾನೂ ಕ್ರೈಸ್ತನಾಗಿದ್ದರೂ, ಎಳೆಯ ಕವಿಗಳು ಅಜ್ಜಂದಿರ ಕಥೆ ಮರೆಯಬಾರದೆಂದು ‘ಎಡ್ಡಾ’ ಬರೆದಿಟ್ಟ. ಹಳೆಯ ಹಾಡುಗಳ ಮತ್ತೊಂದು ಚರ್ಮದ ಹಸ್ತಪ್ರತಿ 1662ರಲ್ಲಿ ಡೆನ್ಮಾರ್ಕಿನ ರಾಜನ ಕೈ ಸೇರಿತು. 1971ರಲ್ಲಿ ಅದು ಹಡಗಿನಲ್ಲಿ ಮರಳಿದಾಗ ಬಂದರಿನಲ್ಲಿ ಜನವೋ ಜನ! ಮರುವರ್ಷವೇ ಒಬ್ಬ ರೈತ ಕವಿ ಮತ್ತು ಅವನ ಗೆಳೆಯರು ಹಳೆಯ ಧರ್ಮದ ಸಂಘ ಕಟ್ಟಿದರು. 1973ರಲ್ಲಿ ಸರ್ಕಾರದ ಮನ್ನಣೆಯೂ ಸಿಕ್ಕಿತು. ಅವರು ಇಂದಿಗೂ ಕೊಂಬಿನ ಪಾತ್ರೆ ಎತ್ತಿ ದೇವತೆಗಳನ್ನೂ ಪೂರ್ವಿಕರನ್ನೂ ನೆನೆಯುತ್ತಾರೆ.

ಪೂರ್ವಿಕರ ಹೆಸರು ಹೇಳಿ ಕೇಡು ಮಾಡಿದವರೂ ಇದ್ದಾರೆ, ಮಕ್ಕಳೇ. ಹಿಟ್ಲರನ ಕಡೆಯವರು ಇದೇ ಜನರ ಹಳೆಯ ಅಕ್ಷರಗಳನ್ನು ಸಮವಸ್ತ್ರಕ್ಕೆ ಹಾಕಿಕೊಂಡು ಲಕ್ಷಾಂತರ ಜನರನ್ನು ಕೊಂದರು. ನಮ್ಮ ಅಜ್ಜನನ್ನು ಪ್ರೀತಿಸಲು ಇನ್ನೊಬ್ಬರ ಅಜ್ಜನನ್ನು ಹಳಿಯಬೇಕಿಲ್ಲ.

“ತಾತ, ನಿಮ್ಮಮ್ಮ ನಿಮಗೆ ಯಾವ ಕಥೆ ಹೇಳ್ತಿದ್ರು?”

ನಾನು ತಡವರಿಸಿದೆ. ಅಮ್ಮ ಊರ ಕೆರೆಯ ಕಥೆಯೊಂದನ್ನು ಹಾಡಿನ ಸಮೇತ ಹೇಳುತ್ತಿದ್ದಳು. ನನಗೆ ನೆನಪಿದ್ದದ್ದು ಅರ್ಧ. ದಿನದ ಅಖೈರು ಶಿಲ್ಕನ್ನು ಒಂದು ಪೈಸೆ ತಪ್ಪದಂತೆ ಮರುದಿನಕ್ಕೆ ತಂದವನು, ಅಮ್ಮನ ಕಥೆಯನ್ನು ಮುಂದಕ್ಕೆ ತರಲೇ ಇಲ್ಲ.

ಎಂಬತ್ತು ದಾಟಿದ ಅಕ್ಕನಿಗೆ ಫೋನ್ ಮಾಡಿದೆ. “ಇಷ್ಟು ವರ್ಷ ಆದಮೇಲೆ ಕೇಳ್ತಿದ್ದೀಯಲ್ಲೋ!” ಎಂದು ಗದರಿದಳು. ಆಮೇಲೆ ನಡುಗುವ ದನಿಯಲ್ಲೇ ಹಾಡಿದಳು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೊನೆಯ ಎರಡು ಸಾಲು ಅಕ್ಕನಿಗೂ ನೆನಪಾಗಲಿಲ್ಲ.

ಐಸ್‌ಲ್ಯಾಂಡಿನ ಆ ಹಸ್ತಪ್ರತಿಯಲ್ಲೂ ಎಂಟು ಹಾಳೆ ಕಳೆದುಹೋಗಿವೆ, ಉಳಿದದ್ದು 45. ಅಷ್ಟನ್ನೇ ಅವರು ಕಣ್ಣಿಗೆ ಒತ್ತಿಕೊಂಡರು.

ನಾವೂ ಎರಡು ಸಾಲಿನ ಜಾಗ ಖಾಲಿ ಬಿಟ್ಟಿದ್ದೇವೆ. ಅಕ್ಕನಿಗೆ ನೆನಪಾದರೆ ಫೋನ್ ಮಾಡುತ್ತಾಳಂತೆ.